ಬೆಡಗಿನ ವಚನ ಅನ್ನುವಾಗ ‘ಬೆಡಗು’ ಅಂದರೆ ಏನು?

ಬೆಡಗು ಅಂದರೆ ಅಂದಚಂದ, ಒಯ್ಯಾರ. ಹಾಗಿರುವಾಗ ಅಲ್ಲಮನ ಒಗಟಿನಂಥ ವಚನಗಳಿಗೆ ಆ ಹೆಸರು ಯಾಕೆ ಅಂತ ಕೇಳಿದ್ದೀರಿ. ನಾನು ಧಾರವಾಡ ಕಡೆಯವನು, ಭಜನೆ ಪದ ಕೇಳುತ್ತಲೇ ಬೆಳೆದವನು, ಗೊತ್ತಿರುವಷ್ಟು ಹೇಳುತ್ತೇನೆ.

ಇದು ಅಚ್ಚಗನ್ನಡ ಪದ. ಚೆಲುವು, ಬಿನ್ನಾಣ, ನೋಡಿದವರು ಬೆರಗಾಗುವಂಥದ್ದು, ಎಲ್ಲವೂ ಇದರಲ್ಲಿ ಬರುತ್ತದೆ. (ನಮ್ಮ ಕಡೆ ಸಂಬಂಧ ನೋಡುವಾಗ ‘ನಿಮ್ಮ ಬೆಡಗು ಯಾವುದು’ ಅಂತಲೂ ಕೇಳುತ್ತಾರೆ. ಅಲ್ಲಿ ಅದು ಗೋತ್ರದಂಥದ್ದು, ಆ ಮಾತೇ ಬೇರೆ.) ಬಿನ್ನಾಣದಲ್ಲಿ ಅರ್ಧ ತೋರಿಸಿ ಅರ್ಧ ಮರೆ ಮಾಡುವುದು ಇರುತ್ತದಲ್ವಾ? ಮಾತು ಹಾಗೆ ಮಾಡಿದಾಗ ಬೆಡಗಾಗುತ್ತದೆ, ನಾನು ತಿಳಿದುಕೊಂಡಿರುವುದು ಹೀಗೆ.

12ನೇ ಶತಮಾನದ ಅಲ್ಲಮಪ್ರಭುವಿನ ಒಂದು ವಚನ ನೋಡಿ: ‘ಊರದ ಚೇಳಿನ ಏರದ ಬೇನೆಯಲ್ಲಿ ಮೂರುಲೋಕವೆಲ್ಲ ನರಳಿತ್ತು.’ ಚೇಳು ಕುಟುಕೇ ಇಲ್ಲ, ವಿಷ ಏರೇ ಇಲ್ಲ, ಆದರೂ ಲೋಕವೆಲ್ಲ ನರಳುತ್ತಿದೆ. ಇದಕ್ಕೆ ಔಷಧ ಏನು? ಹುಟ್ಟದೇ ಇರುವ ಗಿಡದ ಎಲೆ ತಂದು, ಮುಟ್ಟದೆ ಹಚ್ಚಬೇಕಂತೆ, ಆಗ ‘ಮಾಬುದು’, ಅಂದರೆ ವಾಸಿಯಾಗುತ್ತದೆ. ‘ಗಾಯ ಇನ್ನೂ ಮಾದಿಲ್ಲ’ ಅಂತ ಇವತ್ತಿಗೂ ಅನ್ನುತ್ತೇವಲ್ಲ, ಅದೇ ಮಾತು. ಚೇಳು ಅಂದರೆ ಮಾಯೆ, ಇಲ್ಲದ್ದನ್ನು ಇದೆ ಅಂದುಕೊಂಡು ಪಡುವ ಸಂಕಟ, ಮದ್ದು ಅಂದರೆ ಅರಿವು. ನೋವೇ ನಿಜವಲ್ಲದ ಮೇಲೆ ಮದ್ದಾದರೂ ಕೈಗೆ ಸಿಗುವ ವಸ್ತು ಹೇಗಾಗುತ್ತದೆ! ಇದನ್ನು ನೇರವಾಗಿ ಹೇಳಿದರೆ ಸುಮ್ನೆ ತಲೆಯಾಡಿಸಿ ಮುಂದೆ ಹೋಗುತ್ತೇವೆ, ಬೆಡಗಿನಲ್ಲಿ ಹೇಳಿದರೆ ನಿಂತು ಯೋಚಿಸುತ್ತೇವೆ.

ಅದಕ್ಕೇ ಬೆಡಗನ್ನು ಬರೀ ‘ರಹಸ್ಯ’ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ರಹಸ್ಯವನ್ನು ಬೇರೆಯವರ ಕಿವಿಗೆ ಬೀಳದಂತೆ ಕಾಯುತ್ತಾರೆ. ಬೆಡಗನ್ನು ಊರೆಲ್ಲ ಕೇಳುವಂತೆ ಹಾಡುತ್ತಾರೆ, ತಿರುಳು ಮಾತ್ರ ಸಾಧನೆ ಮಾಡಿದವರಿಗೆ, ಗುರು ಸಿಕ್ಕವರಿಗೆ ಬಿಚ್ಚಿಕೊಳ್ಳುತ್ತದೆ. ಹಾವೇರಿ ಜಿಲ್ಲೆಯ ಶಿಶುನಾಳದ ಷರೀಫರು (1819–1889) ಇದೇ ದಾರಿಯವರು. ಅವರ ಕೋಡಗನ ಕೋಳಿ ನುಂಗಿದ ಪದ ನಮ್ಮಲ್ಲಿ ಸಣ್ಣ ಮಕ್ಕಳಿಗೂ ಬರುತ್ತದೆ. ಒಂದನ್ನೊಂದು ನುಂಗುತ್ತಾ ಹೋಗಿ ಕೊನೆಗೆ ಗುರು ಗೋವಿಂದಭಟ್ಟರ ಪಾದ ಹಾಡುವವನನ್ನೇ ನುಂಗುತ್ತದೆ. ಅಲ್ಲಿಗೆ ‘ನಾನು’ ಅನ್ನುವುದು ಹೋಯಿತು, ಇಡೀ ಪದದ ಗುಟ್ಟು ಅದೇ.

ಬೆಡಗಿನ ವಚನಗಳಿಗೆ ಹಿಂದಿನವರು ಬರೆದ ಟೀಕೆಗಳಿವೆ, ಅಂದರೆ ಅರ್ಥ ಬಿಡಿಸಿ ಹೇಳುವ ವಿವರಣೆಗಳು. ಆದರೆ ಮೊದಲೇ ಅವನ್ನು ತೆಗೆಯಬೇಡಿ. ವಚನವನ್ನು ಎರಡು ಮೂರು ಸಲ ಬಾಯಿಬಿಟ್ಟು ಓದಿ, ಒಂದಷ್ಟು ದಿನ ಮನಸ್ಸಿನಲ್ಲಿಟ್ಟುಕೊಳ್ಳಿ, ಟೀಕೆ ಆಮೇಲೆ ನೋಡಿದರಾಯಿತು.