ಬೇಲಿಗೆ ಯಾವ ಗಿಡ ನೆಡೋಣ?

ಪ್ರಶ್ನೆ: ಬದಿಯಡ್ಕದ ಹತ್ತಿರ ನಮ್ಮ ಮನೆ. ರಸ್ತೆ ಬದಿಗೆ ಕೆಂಪುಕಲ್ಲಿನ ಪಾಗಾರ ಕಟ್ಟಿಸುವಷ್ಟು ದುಡ್ಡಿಲ್ಲ, ಗಿಡದ ಬೇಲಿಯೇ ಸಾಕು. ನರ್ಸರಿಯವರು ಕೊನೊಕಾರ್ಪಸ್ ನೆಡಿ, ಬೇಗ ಗೋಡೆಯ ಹಾಗೆ ಆಗುತ್ತದೆ ಅಂತಾರೆ. ಊರ ದನ, ಆಡುಗಳ ಕಾಟವೂ ಇದೆ. ಏನು ಮಾಡಲಿ?

ಕೊನೊಕಾರ್ಪಸ್ ಬೇಡ. ಬೇಗ ಬೆಳೆಯುತ್ತದೆ, ಅದು ನಿಜ. ಆದರೆ ಅದರ ಬೇರು ಪೈಪು, ಚರಂಡಿಗೆ ನುಗ್ಗುತ್ತದೆ ಎಂಬ ದೂರು ಜಾಸ್ತಿಯಾಗಿ ಗುಜರಾತ್ ಸರಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ನರ್ಸರಿಯವರಿಗೆ ಲಾರಿಯಲ್ಲಿ ಬಂದದ್ದು ಖರ್ಚಾಗಬೇಕು, ಅಷ್ಟೇ.

ನಾನು ಬೇಲಿ ಗಿಡ ಆರಿಸುವಾಗ ನೋಡುವುದು ಒಂದೇ: ಕಡಿದ ಸೊಪ್ಪು ಮನೆಗೆ ಬೇಕಾಗುತ್ತದಾ? ಬೇಕಾದರೆ ಯಾರಾದರೂ ಕತ್ತಿ ಹಿಡಿದು ಹೋಗಿ ಕಡಿಯುತ್ತಾರೆ, ಬೇಲಿ ದಟ್ಟವಾಗುತ್ತದೆ. ಬೇಡದ ಗಿಡವನ್ನು ಯಾರೂ ಮುಟ್ಟುವುದಿಲ್ಲ, ಅದು ಮೇಲೆ ಕೊಡೆ ಬಿಡಿಸಿ ಕೆಳಗೆ ಬೋಳಾಗುತ್ತದೆ, ಆಡು ನುಗ್ಗುವುದು ಅಲ್ಲಿಂದಲೇ ಅಲ್ವಾ?

ಹಾಗಾಗಿ ಹಿಂದಿನ ಸಾಲಿಗೆ ಗ್ಲಿರಿಸೀಡಿಯಾ, ಅಂದರೆ ನಮ್ಮ ಗೊಬ್ಬರದ ಗಿಡ. ಕೃಷಿಭವನದಲ್ಲಿ ಶೀಮಕೊನ್ನ ಎಂಬ ಮಲಯಾಳ ಹೆಸರಿನಲ್ಲಿ ಕೇಳಿ. ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುವ ಜಾತಿ ಇದು. ತೆಂಗಿನ ತೋಟದ ಅಂಚಿಗೆ ಇದನ್ನು ನೆಡಿ ಎಂದು ಕಾಸರಗೋಡಿನ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಯವರೂ ಹೇಳುತ್ತಾರೆ. ಬಲಿತ ಕೊಂಬೆಯಿಂದ 1 ಮೀಟರ್ ಉದ್ದದ ಗೂಟ ಮಾಡಿ, ಮೇಲಿನ ತುದಿಯನ್ನು ಓರೆಯಾಗಿ ಕತ್ತರಿಸಿ, ಇಲ್ಲದಿದ್ದರೆ ಮಳೆನೀರು ನಿಂತು ಕೊಳೆಯುತ್ತದೆ. ಮೊದಲ ಮಳೆ ಬಿದ್ದ ಕೂಡಲೇ ಒಂದೂವರೆ ಅಡಿಗೊಂದರಂತೆ ಊರಿ. ಸೊಪ್ಪು ತೆಂಗಿನ ಬುಡಕ್ಕೆ.

ಇದರ ಬುಡ ಮಾತ್ರ ಖಾಲಿ ಖಾಲಿ. ಅಲ್ಲಿಗೆ ಆಡುಸೋಗೆ ನೆಡಿ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಆದರೆ ಇದಕ್ಕೆ ಬಾಯಿ ಹಾಕಲು ಅದೂ ಹಿಂಜರಿಯುತ್ತದೆ. ನಡುನಡುವೆ ನೆಕ್ಕಿ (ಲಕ್ಕಿ ಗಿಡ) ಇದ್ದರೆ ಇನ್ನೂ ಒಳ್ಳೆಯದು, ಮೈಕೈ ನೋವಿಗೆ ಸ್ನಾನದ ನೀರಿಗೆ ಹಾಕುವ ಸೊಪ್ಪು ಮನೆ ಬಾಗಿಲಲ್ಲೇ ಸಿಕ್ಕಿತು. ಎರಡೂ ಕಡ್ಡಿಯಿಂದಲೇ ಬರುತ್ತವೆ, ದುಡ್ಡು ಕೊಡಬೇಕಾಗಿಲ್ಲ. ದೇವರಿಗೆ ಹೂವು ಬೇಕಿದ್ದರೆ ಒಳಬದಿಗೆ ನಾಲ್ಕು ಕೇಪಳ ಇರಲಿ. ನಮ್ಮ ಗುಡ್ಡೆಯದ್ದೇ ಗಿಡ, ಮುರಕಲ್ಲಿಗೆ, ಅಂದರೆ ಕೆಂಪುಕಲ್ಲಿನ ನೆಲಕ್ಕೆ, ಹೆದರುವುದಿಲ್ಲ, ಆದರೆ ಬೆಳೆಯುವುದು ಬಹಳ ನಿಧಾನ.

ಇನ್ನೊಂದು ಮಾತು. ಮುರಕಲ್ಲಿನ ನೆಲದಲ್ಲಿ ಬಿಡಿ ಬಿಡಿ ಗುಂಡಿ ತೋಡಿದರೆ ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಉದ್ದಕ್ಕೆ ಒಂದೇ ಸಾಲು ತೋಡಿ, ನೀರು ಹೋಗಲು ಇಳಿಜಾರಿನ ಕಡೆ ಬಾಯಿ ಬಿಟ್ಟು, ಮೇಲ್ಮಣ್ಣು ಮತ್ತು ಒಣ ಸೆಗಣಿ ತುಂಬಿ. ಚಿಗುರು ಒಂದು ಅಡಿ ಬಂದಾಗಲೇ ತುದಿ ಚಿವುಟಿ. ಪಾಪ ಅಂತ ಬಿಟ್ಟರೆ ಕೆಟ್ಟಿತು. ಆಮೇಲೂ ಕಡಿಯುವಾಗ ಬುಡ ಅಗಲ, ತಲೆ ಸಪೂರ ಇರಲಿ, ಕೆಳಗಿನ ಎಲೆಗೂ ಬಿಸಿಲು ಬೀಳಬೇಕು.

ಪ್ರಶ್ನೆ: ಮಂಜೇಶ್ವರದಲ್ಲಿ ಕಡಲ ಬದಿ ಮನೆ, ಹೊಯ್ಗೆ (ಮರಳು) ಮಣ್ಣು, ಉಪ್ಪು ಗಾಳಿ. ದಾಸವಾಳದ ಬೇಲಿ ಒಣಗಿ ಹೋಯಿತು.

ಮೂಡೆ (ಎಲೆಯ ಕೊಟ್ಟೆಯಲ್ಲಿ ಬೇಯಿಸುವ ಇಡ್ಲಿ) ಕಟ್ಟುವ ಮುಂಡೇವು ಇರುವಾಗ ದಾಸವಾಳ ಯಾಕೆ? ಕೇದಗೆಯ ಬಳಗ ಅದು, ಉಪ್ಪು ಗಾಳಿಗೆ ಜಗ್ಗುವುದಿಲ್ಲ. ಕಾಂಡದಿಂದ ಇಳಿಯುವ ಊರುಬೇರು ಹೊಯ್ಗೆಯನ್ನೂ ಹಿಡಿದು ನಿಲ್ಲಿಸುತ್ತದೆ. ಎಲೆಯ ಎರಡು ಅಂಚಿಗೆ ಮತ್ತು ಅಡಿಯ ನಡುನರಕ್ಕೆ ಸಾಲು ಮುಳ್ಳು, ದನ ಹತ್ತಿರ ಬರುವುದಿಲ್ಲ. ಜಾಗ ಮಾತ್ರ ತುಂಬಾ ತಿನ್ನುತ್ತದೆ, ಮಕ್ಕಳು ಓಡಾಡುವ ದಾರಿಯ ಪಕ್ಕ ಬೇಡ. ಅಷ್ಟಮಿಗೆ ಮೂಡೆ ಮಾಡುವವರು ಎಲೆ ಕೇಳಿಕೊಂಡು ಬರುತ್ತಾರೆ, ನೋಡಿ.

ಪ್ರಶ್ನೆ: ಚಕ್ರಮುನಿ ಬೇಲಿ ಚೆನ್ನಾಗಿ ಬಂದಿದೆ. ತೂಕ ಇಳಿಸಲು ಅದರ ರಸ ಕುಡಿಯಬಹುದಾ?

ಬೇಲಿಗೆ ಚಂದ, ಪಲ್ಯಕ್ಕೂ ಚಂದ. ಹಸಿ ರಸ ಮಾತ್ರ ಬೇಡವೇ ಬೇಡ. 1990ರ ದಶಕದಲ್ಲಿ ತೈವಾನಿನಲ್ಲಿ ತೂಕ ಇಳಿಸಲು ಇದೇ ರಸ ದಿನಾ ಕುಡಿದು ಅನೇಕರ ಶ್ವಾಸಕೋಶ ಸರಿಯಾಗದಷ್ಟು ಹಾಳಾಯಿತು. ಎಳೆ ಸೊಪ್ಪನ್ನು ಬೇಯಿಸಿ, ಅಪರೂಪಕ್ಕೆ, ಸ್ವಲ್ಪ ತಿನ್ನಿ.