ಹಾಸನದಲ್ಲಿ ಎಂಎಸ್ಸಿ ಮುಗಿಸಿದೆ. ಮನೆಯ ದುಡ್ಡಿಲ್ಲದೆ ಪಿಎಚ್‌ಡಿ ಮಾಡಬಹುದಾ?

ಖಂಡಿತ ಮಾಡಬಹುದು. ವಿಜ್ಞಾನದಲ್ಲಿ ಪಿಎಚ್‌ಡಿ ಮಾಡುವವರಿಗೆ ಫೆಲೋಶಿಪ್, ಅಂದರೆ ತಿಂಗಳು ತಿಂಗಳು ಹಣ, ಸಿಗುವ ದಾರಿಗಳಿವೆ. ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧಕರ ಫೆಲೋಶಿಪ್, 2023ರಿಂದ ತಿಂಗಳಿಗೆ 37,000 ರೂಪಾಯಿ. ಹಾಸ್ಟೆಲ್ ಸಿಗದವರಿಗೆ ಮನೆ ಬಾಡಿಗೆ ಭತ್ಯೆ ಬೇರೆ.

ಈ ದುಡ್ಡು ಯಾರ ಕೈಯಿಂದ ಬರುತ್ತದೆ ಅನ್ನುವುದೇ ಮುಖ್ಯ. ವಿಜ್ಞಾನ ವಿಷಯಗಳ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಾದ ಸಿಎಸ್‌ಐಆರ್-ಯುಜಿಸಿ ನೆಟ್‌ನಲ್ಲಿ ಜೆಆರ್‌ಎಫ್ ಬಂದರೆ ಫೆಲೋಶಿಪ್ ನಿಮ್ಮ ಹೆಸರಿಗೇ ಇರುತ್ತದೆ. ಗೈಡ್ ಹತ್ತಿರ ಪ್ರಾಜೆಕ್ಟ್ ಹಣ ಇಲ್ಲದಿದ್ದರೂ ನಿಮ್ಮನ್ನು ಸೇರಿಸಿಕೊಳ್ಳಬಹುದು. ಅದಕ್ಕೇ ಮೊದಲು ನೆಟ್‌ಗೆ ಓದಿ. ಎಂಜಿನಿಯರಿಂಗ್‌ನವರಿಗೆ ಗೇಟ್ ಪರೀಕ್ಷೆ.

ಇನ್ನೊಂದು ದಾರಿ ಪ್ರಾಜೆಕ್ಟ್ ಜೆಆರ್‌ಎಫ್, ಅಂದರೆ ಒಂದು ಸಂಶೋಧನಾ ಪ್ರಾಜೆಕ್ಟ್‌ನ ಹಣದಿಂದ ಕೊಡುವ ಫೆಲೋಶಿಪ್. ಸಂಸ್ಥೆಗಳ ವೆಬ್‌ಸೈಟ್‌ನಲ್ಲಿ ಪ್ರಕಟಣೆ ಬರುತ್ತದೆ. ಕಾಫಿ ಗಿಡದ ರೋಗದಂಥ ವಿಷಯ ಇಷ್ಟವಾದರೆ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ಪ್ರಕಟಣೆಗಳನ್ನೂ ಗಮನಿಸುತ್ತಿರಿ. ಆದರೆ ಇಲ್ಲಿ ಪ್ರಾಜೆಕ್ಟ್ ಮುಗಿದರೆ ಹಣವೂ ನಿಲ್ಲುತ್ತದೆ. ಪಿಎಚ್‌ಡಿ ನೋಂದಣಿ ತಾನಾಗಿ ಆಗುವುದಿಲ್ಲ. ಪ್ರಾಜೆಕ್ಟ್ ಎಷ್ಟು ದಿನ, ನೋಂದಣಿ ಆಗುತ್ತದಾ, ಸೇರುವ ಮೊದಲೇ ಎರಡನ್ನೂ ಕೇಳಿ, ಸಂಕೋಚ ಬೇಡ.

ಪ್ರಾಧ್ಯಾಪಕರಿಗೆ ಸುಮ್ನೆ ಒಂದೇ ಮೇಲ್ ಎಲ್ಲರಿಗೂ ಕಳಿಸಬೇಡಿ. ಅವರ ಇತ್ತೀಚಿನ ಒಂದು ಪೇಪರ್ ಓದಿ. ಅದರಲ್ಲಿ ನಿಮಗೆ ಹುಟ್ಟಿದ ಪ್ರಶ್ನೆ, ನೀವು ಎಂಎಸ್ಸಿಯಲ್ಲಿ ಮಾಡಿದ ಪ್ರಾಜೆಕ್ಟ್, ನೆಟ್ ಫಲಿತಾಂಶ ಇಷ್ಟನ್ನು ಹತ್ತು ಸಾಲಲ್ಲಿ ಬರೆಯಿರಿ.