ಸಮಸ್ಯೆ ಕೈಮೀರಿದ ಮೇಲೇ ಸರ್ಕಾರ ಯಾಕೆ ಎಚ್ಚೆತ್ತುಕೊಳ್ಳುತ್ತದೆ? ಮೊದಲೇ ಗೊತ್ತಾಗುವುದಿಲ್ಲವೇ?

ಗೊತ್ತಾಗುತ್ತದೆ. ಬಹಳ ಸಲ ಎಲ್ಲರಿಗಿಂತ ಮೊದಲೇ ಗೊತ್ತಾಗುತ್ತದೆ. ಕುಡಿಯುವ ನೀರಿನ ದೂರುಗಳನ್ನು ನೋಡುವ ಕಚೇರಿಗೆ ಸೇರುವವರೆಗೆ ನಾನೂ ನಿಮ್ಮ ಹಾಗೆಯೇ ಕೇಳುತ್ತಿದ್ದೆ.

ಅಲ್ಲಿಂದ ಪ್ರತಿ ತಿಂಗಳು ವರದಿ ಹೋಗುತ್ತಿತ್ತು. ಬಂದ ದೂರು ಎಷ್ಟು, ವಿಲೇವಾರಿ ಎಷ್ಟು, ಬಾಕಿ ಎಷ್ಟು. ಒಂದು ಬೀದಿಯವರು ನೀರು ವಾಸನೆ ಬರುತ್ತಿದೆ ಎಂದರು. ಸಿಬ್ಬಂದಿ ಹೋಗಿ ಪೈಪ್ ತೊಳೆದರು, ದೂರು ವಿಲೇವಾರಿ ಆಯಿತು. ಸ್ವಲ್ಪ ದಿನಕ್ಕೆ ಅದೇ ಬೀದಿಯಿಂದ ಅದೇ ದೂರು. ಅದಕ್ಕೆ ಹೊಸ ನಂಬರ್. ಮತ್ತೆ ತೊಳೆದರು, ಮತ್ತೆ ವಿಲೇವಾರಿ.

ಎಲ್ಲ ಕೆಟ್ಟದ್ದು ಇಲ್ಲೇ, ಬಿಡಿಸಿ ಹೇಳುತ್ತೇನೆ. ಪೈಪ್ ಒಡೆದಿತ್ತು. ನೀರು ಬಿಡದ ಹೊತ್ತಿನಲ್ಲಿ ಪೈಪಿನೊಳಗೆ ಒತ್ತಡ ಇರುವುದಿಲ್ಲ, ಪಕ್ಕದ ಚರಂಡಿಯ ಕೊಳೆ ಒಳಗೆ ಸೇರುತ್ತದೆ. ತೊಳೆದ ದಿನ ಮಾತ್ರ ನೀರು ತಿಳಿಯಾಗಿರುತ್ತಿತ್ತು. ಒಂದೇ ಜಾಗದಿಂದ ದೂರು ಎಷ್ಟು ಸಲ ಮರಳಿ ಬಂತು ಎಂಬ ಕಾಲಂ ವರದಿಯಲ್ಲಿ ಇರಲೇ ಇಲ್ಲ. ಹಾಗಾಗಿ ದೂರು ಜಾಸ್ತಿಯಾದಷ್ಟೂ ವಿಲೇವಾರಿಯೂ ಜಾಸ್ತಿ. ಕಾಗದದಲ್ಲಿ ಆ ಬೀದಿಯಲ್ಲೇ ಅತಿ ಒಳ್ಳೆಯ ಕೆಲಸ ಆದಂತೆ ಕಾಣುತ್ತಿತ್ತು! ಪೈಪ್ ಬದಲಿಸಲು ಹಣ ಬಂದದ್ದು ಮಕ್ಕಳು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದ ಮೇಲೆ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಇದು ಹಳೇ ರೋಗ. ಕಾಲರಾ ಹರಡುವುದು ಕೊಳಕು ನೀರಿನಿಂದ ಎಂದು ಲಂಡನ್ನಿನ ವೈದ್ಯ ಜಾನ್ ಸ್ನೋ 1854ರಲ್ಲೇ ಒಂದು ಕೈಪಂಪಿನ ಸುತ್ತ ಸತ್ತವರ ಲೆಕ್ಕ ಹಾಕಿ ತೋರಿಸಿದ್ದರು. ಆದರೂ ಚರಂಡಿ ಥೇಮ್ಸ್ ನದಿಗೇ ಹರಿಯುತ್ತಿತ್ತು. 1858ರ ಬೇಸಿಗೆಯಲ್ಲಿ ನಾತ ನದಿ ದಂಡೆಯ ಸಂಸತ್ತಿನೊಳಗೇ ನುಗ್ಗಿತು. ಆಗ ಚರಂಡಿ ವ್ಯವಸ್ಥೆ ಸರಿಪಡಿಸಲು 18 ದಿನಗಳಲ್ಲಿ ಕಾನೂನು ಆಯಿತು.

ಜನರ ಪಾಲೂ ಇದೆ, ಬೇಜಾರಾದರೂ ಹೇಳಲೇಬೇಕು. ಹೀಲಿ ಮತ್ತು ಮಲ್ಹೋತ್ರಾ ಎಂಬ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಅಮೆರಿಕದ ಮತದಾರರು ವಿಕೋಪದ ನಂತರ ಪರಿಹಾರ ಕೊಟ್ಟವರಿಗೆ ವೋಟು ಕೊಡುತ್ತಾರೆ, ಮುಂಜಾಗ್ರತೆಗೆ ಖರ್ಚು ಮಾಡಿದವರಿಗೆ ಕೊಡುವುದಿಲ್ಲ. ಮುಂಜಾಗ್ರತೆಯ 1 ಡಾಲರ್ ಮುಂದಿನ ಸುಮಾರು 15 ಡಾಲರ್ ನಷ್ಟ ತಪ್ಪಿಸುತ್ತದೆ ಎಂದು ಅವರೇ ಅಂದಾಜು ಮಾಡಿದ್ದಾರೆ. ಹೀಗಿದ್ದರೆ ಯಾವ ಮಂತ್ರಿ ಮೊದಲೇ ಖರ್ಚು ಮಾಡುತ್ತಾರೆ, ಅಲ್ವಾ?

ಸುಮ್ನೆ ಇನ್ನೊಂದು ಆಪ್, ಇನ್ನೊಂದು ಸಮಿತಿ ಕೇಳಬೇಡಿ. ಒಂದೇ ಕಡೆಯಿಂದ ಇಷ್ಟು ದೂರು ಬಂದರೆ ಸಭೆ ಇಲ್ಲದೆಯೇ ನೀರಿನ ಪರೀಕ್ಷೆ, ಇನ್ನಷ್ಟು ಬಂದರೆ ಅಗೆದು ನೋಡುವುದು ಎಂದು ಮೊದಲೇ ಬರೆದಿಡಲು ಒತ್ತಾಯಿಸಿ. ದೂರು ಕೊಡುವಾಗ ಹಳೆಯ ದೂರುಗಳ ನಂಬರ್‌ಗಳನ್ನೆಲ್ಲ ಒಂದೇ ಅರ್ಜಿಯಲ್ಲಿ ಸೇರಿಸಿ. ಮತ್ತೆ ಮತ್ತೆ ಯಾಕೆ ಬರುತ್ತಿದೆ ಎಂದು ಲಿಖಿತ ಉತ್ತರ ಕೇಳಿ. ಬಿಡಿ ದೂರನ್ನು ಯಾರು ಬೇಕಾದರೂ ಮುಚ್ಚಿಬಿಡಬಹುದು. ಈ ಅರ್ಜಿಯನ್ನು ಹಾಗೆ ಮುಚ್ಚಲು ಆಗುವುದಿಲ್ಲ.